ಗೋಡೆ ಏಳುವ ಮೊದಲಿನ ಮನೆಗಳು

ಸೂರ್ಯ ಇನ್ನೂ ಗುಡ್ಡದ ಆಚೆಗೇ ಇದ್ದಾನೆ. ಕಿಮೂಥಿ ಸಂತೆಪೇಟೆಯ ಮೇಲೆ ಮಂಜು ಕೂತುಬಿಟ್ಟಿದೆ. ಮಾವಿನ ಮರ ಅರ್ಧ ಮಾತ್ರ ಕಾಣುತ್ತದೆ. ಕೌಂಟಿ ಸರ್ಕಾರದ ಯೋಜನಾ ಕಚೇರಿಯ ಹಿಂದಿನ ಅಂಗಳದಲ್ಲಿ ಕತುಂಗೆ ಎಂಬಾಕೆ ಸೊಂಟ ಬಗ್ಗಿಸಿ, ತಳಕ್ಕೆ ತೂತು ಹೊಡೆದ ಹಾಲಿನ ಪುಡಿ ಡಬ್ಬಿಯಿಂದ ಸುಣ್ಣ ಉದುರಿಸುತ್ತ ಹಿಂದಹಿಂದಕ್ಕೆ ನಡೆಯುತ್ತಿದ್ದಾರೆ. ನಮ್ಮ ಕಡೆಯ ಹೆಂಗಸರು ಬಾಗಿಲ ಮುಂದೆ ರಂಗೋಲಿ ಎಳೆಯುವುದು ನೆನಪಾಗುತ್ತದೆ. ಆದರೆ ಇಲ್ಲಿ ಗೆರೆ ಮೊದಲು, ಬಾಗಿಲು ಆಮೇಲೆ.

ಮಂಜು ಸ್ವಲ್ಪ ಸರಿದಾಗ ನೋಡುತ್ತೇನೆ, ಅಂಗಳದಲ್ಲಿ ಒಂದು ಮನೆ ಬಂದು ಕೂತಿದೆ. ಒಂದು ಪಡಸಾಲೆ, ಎರಡು ಮಲಗುವ ಕೋಣೆ, ಆಚೆ ಬೇರೆಯಾಗಿ ಅಡುಗೆಮನೆ. ಎಲ್ಲ ಸುಣ್ಣದ ಗೆರೆಯಲ್ಲೇ, ಎಲ್ಲ ನಿಜವಾದ ಅಳತೆಯಲ್ಲೇ.

"ಇವತ್ತು ವಾಯುವಾ ಅವರ ಮನೆ. ಗಂಡ ಹೆಂಡ್ತಿ ಮೊದಲ್ನೇ ವ್ಯಾನಿಗೆ ಬರ್ತಾರೆ. ಅಷ್ಟರೊಳಗೆ ಗಾಳಿ ಏಳದಿದ್ರೆ ಸಾಕು ನೋಡಿ" ಎನ್ನುತ್ತಾರೆ ಕತುಂಗೆ.

ಕೆನ್ಯಾದ ಈ ಒಣಗುಡ್ಡಗಳ ಕೌಂಟಿಯಲ್ಲಿ ಯಾರೇ ಮನೆ ಕಟ್ಟಲಿ, ನಕ್ಷೆಗೆ ಸರ್ಕಾರದ ಒಪ್ಪಿಗೆ ಬೇಕು. ಕೌಂಟಿ ಈ ಕೆಲಸವನ್ನು ಆರು ಕಡೆ ಹಂಚಿ, ಆರು ಸಣ್ಣ ಕಚೇರಿ ಇಟ್ಟಿದೆ. ಕಿಮೂಥಿಯದು ಅವುಗಳಲ್ಲೇ ಚಿಕ್ಕದು: ಒಂದು ಕೋಣೆ, ಒಂದು ಕಿಟಕಿ. ಯೋಜನಾ ಅಧಿಕಾರಿ ಗುರುವಾರ ಬಂದು ಹೋಗುತ್ತಾರೆ. ಉಳಿದ ದಿನ ಬೀಗ ತೆಗೆಯುವುದು, ಕಸ ಗುಡಿಸುವುದು, ಬಂದವರನ್ನು ಕೂರಿಸುವುದು ಎಲ್ಲ ಕತುಂಗೆಯವರದೇ. ಕಾಗದದ ಮೇಲೆ ಅವರು ಕಸ ಗುಡಿಸುವವರು, ಅಷ್ಟೇ.

ಜನ ನಕ್ಷೆ ತರುತ್ತಾರೆ, ನಿಜ. ಆದರೆ ಅದು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕೊಂಡ, ಇನ್ನಾರದೋ ಮನೆಯ ನಕ್ಷೆ. ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ. ಗೋಡೆ ಎದ್ದ ಮೇಲೆ ನೋಡಿದರೆ ಅಡುಗೆಮನೆಯ ಕಿಟಕಿ ಪಕ್ಕದವರ ಕಕ್ಕಸಿಗೆ ಮುಖ ಮಾಡಿ ನಿಂತಿರುತ್ತದೆ. ಒಡೆದು ಬೇರೆ ಕಡೆ ಕಟ್ಟಿದರೋ, ಒಪ್ಪಿಗೆ ಮೀರಿದ ಗೋಡೆಗೆ, ಕೆಡವಬೇಕೆಂದು ಕೌಂಟಿಯವರ ಕೆಂಪು ಬಣ್ಣದ ಗುರುತು. ಒಮ್ಮೆ ಒಬ್ಬ ಅಜ್ಜಿ ನಕ್ಷೆಯನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ, "ಇದರಲ್ಲಿ ನನ್ನ ಒಲೆ ಎಲ್ಲಮ್ಮ?" ಎಂದು ಕೇಳಿದರಂತೆ.

"ನಂಗೂ ಕಾಣ್ಲಿಲ್ಲ. ಕಾಗದದ ಒಲೇಲಿ ಹೊಗೆ ಎಲ್ಲಿರುತ್ತೆ?" ಕತುಂಗೆ ನಗುತ್ತಾರೆ. "ಗೋಡೆಗೆ ಬಳಿದು ಮಿಕ್ಕಿದ್ದ ಸುಣ್ಣ ಇತ್ತು. ಸಾಹೇಬ್ರು ಅಳತೆ ಓದಿ ಹೇಳಿದ್ರು, ನಾನು ಗೆರೆ ಎಳೆದೆ. ಅಜ್ಜಿ ಒಳಗೆ ಹೋಗಿ ಕೂತ್ಕೊಂಡು ಅತ್ತೇಬಿಟ್ರು. ಸ್ವಂತ ಮನೇಲಿ ಕೂತಿದ್ದು ಅದೇ ಮೊದಲು ಅಂತೆ."

ಅಂದಿನಿಂದ ಪ್ರತಿ ನಕ್ಷೆಗೂ ಸಹಿಗೆ ಮೊದಲು ಇದು ನಡೆದುಬಂದಿದೆ. ಸುಣ್ಣ ತಿಂದು ಬೆರಳುಗಳು ಬಿರಿದಿವೆ; ಮಂಡಿ ಮಾತು ಕೇಳುವುದಿಲ್ಲ. ಕತುಂಗೆ ಮಾತ್ರ ಇಂದಿಗೂ ಬಾಡಿಗೆಯ ಒಂದೇ ಕೋಣೆಯಲ್ಲಿದ್ದಾರೆ. "ಕತುಂಗೆ, ನಿನ್ನ ಮನೆಗಳಿಗೆ ತಗಡು ಯಾವಾಗ ಹಾಕಿಸ್ತೀಯೆ?" ಎಂದು ಎದುರಿನ ಚಹಾದಂಗಡಿಯವನು ದಿನವೂ ಕಿಚಾಯಿಸುತ್ತಾನೆ. "ನೀನು ಚಹಾಕ್ಕೆ ಹಾಲು ಹಾಕಿದ ದಿನ" ಎನ್ನುವುದು ಇವರ ಉತ್ತರ.

ಆದರೆ ಇಂದು ಅವರ ನಗುವಿನಲ್ಲಿ ಜೀವ ಕಡಿಮೆ. ಆರು ಕಚೇರಿಗಳನ್ನು ಒಟ್ಟುಮಾಡಿ ಮೂರು ವಲಯ ಮಾಡುತ್ತಾರೆಂಬ ಸುದ್ದಿ ಪೇಟೆಯ ತುಂಬ ಹಬ್ಬಿದೆ. ಕೌಂಟಿಯ ಉಪ ನಿರ್ದೇಶಕ ಮುಥಿಯಾನಿ ಇಂದು ಬರುತ್ತಾರೆ. ಕಿಮೂಥಿಯ ಕಿಟಕಿ ಉಳಿಯುತ್ತದೋ ಮುಚ್ಚುತ್ತದೋ ಇಂದೇ ತಿಳಿಯಬೇಕು.

ಮೊದಲು ಬಂದವರು ವಾಯುವಾ, ಜೊತೆಗೆ ಗಂಡ ಎಂಗುಂಬಾವು. ವಾಯುವಾ ನೇರ ಅಡುಗೆಮನೆಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ಇಲ್ಲದ ಮಡಕೆಗೆ ಸೌಟು ಆಡಿಸುತ್ತಾರೆ.

"ಇಲ್ಲಿಂದ ಗೇಟು ಕಾಣಲ್ಲ. ಯಾರು ಬಂದ್ರು, ಯಾರು ಹೋದ್ರು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

"ನಿಂಗೆ ಬೇಕಾಗಿರೋದು ಮನೆನಾ, ಪೊಲೀಸ್ ಚೌಕಿನಾ?" ಎನ್ನುತ್ತಾರೆ ಗಂಡ.

"ನಿನ್ನಂಥವನ್ನ ಕಟ್ಕೊಂಡ ಮೇಲೆ ಎರಡೂ ಬೇಕು!"

ಕತುಂಗೆ ಬರಿಗಾಲಿನಿಂದ ಒಂದು ಗೆರೆ ಅಳಿಸಿ, ಅಡುಗೆಮನೆಯನ್ನು ಎರಡು ಹೆಜ್ಜೆ ಈಚೆಗೆ ತರುತ್ತಾರೆ. ಇಟ್ಟಿಗೆಯಲ್ಲಾಗಿದ್ದರೆ ಇದೇ ಜಗಳ ಕೋರ್ಟು ಕಚೇರಿ ಹತ್ತುತ್ತಿತ್ತು.

ಅಷ್ಟರಲ್ಲಿ ಕಾರು ಬಂದು ನಿಲ್ಲುತ್ತದೆ. ಮುಥಿಯಾನಿ ಫೋನಿನಲ್ಲಿ ಮಾತಾಡುತ್ತಲೇ ಇಳಿದು, ಅಂಗಳಕ್ಕೆ ಅಡ್ಡಹಾಯ್ದು ಬರುತ್ತಾರೆ.

"ಅಯ್ಯೋ ಸಾಹೇಬ್ರೇ! ಗೋಡೆ ತೂರ್ಕೊಂಡು ನೇರ ನಾವು ಮಲಗೋ ಕೋಣೆಗೇ ಬಂದ್ರಲ್ಲ!" ವಾಯುವಾ ಕೂಗುತ್ತಾರೆ.

ಅವರು ಕಾಲ ಕೆಳಗೆ ನೋಡುತ್ತಾರೆ. ಫೋನು ಜೇಬಿಗೆ ಹೋಗುತ್ತದೆ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಬಾಗಿಲಿಗೆಂದು ಗೆರೆ ಬಿಟ್ಟಿರುವ ಜಾಗದಲ್ಲಿ ನಿಂತು, ಇಲ್ಲಿ ಯಾರ ಬಾಗಿಲಲ್ಲಾದರೂ ಒಳಗೆ ಬರಲೇ ಎಂದು ಸ್ವಾಹಿಲಿಯಲ್ಲಿ ಕೂಗುವಂತೆ "ಹೋದಿ?" ಎನ್ನುತ್ತಾರೆ.

"ಬನ್ನಿ, ಬನ್ನಿ, ಒಳಗೆ ಬನ್ನಿ!"

ಪಡಸಾಲೆಯಲ್ಲಿ ಒಂದು ಕಲ್ಲಿನ ಮೇಲೆ ಅವರನ್ನು ಕೂರಿಸಿ, ವಾಯುವಾ ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಡುತ್ತಾರೆ. ನಮ್ಮೆಲ್ಲರ ಸುತ್ತ ಮಂಜು ಇನ್ನೂ ಇದೆ. ಒಂದು ಗಳಿಗೆ ಆ ಮನೆಗೆ ಗೋಡೆಗಳಿವೆ ಎಂದೇ ನನಗೂ ಅನಿಸುತ್ತದೆ. ಇವರು ಒಳ್ಳೆಯ ಸುದ್ದಿಯನ್ನೇ ತಂದಿದ್ದಾರೆ ಎಂದು ನಂಬಿಬಿಡುತ್ತೇನೆ.

"ನಿಮ್ಮ ಮನೇಲಿ ಕೂತು ಸುಳ್ಳು ಹೇಳೋಕಾಗಲ್ಲ" ಎನ್ನುತ್ತಾರೆ ಮುಥಿಯಾನಿ, ಲೋಟ ಕೆಳಗಿಟ್ಟು. "ಆರು ಕಚೇರಿ ನಡೆಸೋಷ್ಟು ಜನ ನಮ್ಮ ಹತ್ರ ಇಲ್ಲ. ಈ ತಿಂಗಳ ಕೊನೆಗೆ ಇದನ್ನ ಮುಚ್ತೀವಿ. ಕೆಲಸ ಎಲ್ಲ ಗುಡ್ಡದಾಚೆ ಪಟ್ಟಣಕ್ಕೆ ಹೋಗುತ್ತೆ. ಕತುಂಗೆ, ನಿಮ್ಮ ಕೆಲಸಕ್ಕೇನೂ ತೊಂದ್ರೆ ಇಲ್ಲ, ಅಲ್ಲಿಗೇ ಬರ್ತೀರಿ."

ಕತುಂಗೆ ಮೆಲ್ಲಗೆ ಕೇಳುತ್ತಾರೆ: "ಅಲ್ಲಿ ಹಿಂದುಗಡೆ ಎರಡು ಕೋಣೆಯಷ್ಟು ಮಣ್ಣಿನ ನೆಲ ಖಾಲಿ ಬಿಡಿಸ್ತೀರಾ ಸಾಹೇಬ್ರೇ?"

"ಕಾರು ನಿಲ್ಸೋಕೆ ಅಂತ ಪೂರ್ತಿ ಸಿಮೆಂಟ್ ಹಾಕಿ ಆಗೋಯ್ತಮ್ಮ."

ನನಗೆ ಸಿಟ್ಟು ಬರುತ್ತದೆ. ಆದರೆ ಆ ಮನುಷ್ಯ ಕೆಟ್ಟವರಲ್ಲ. ತಲೆ ತಗ್ಗಿಸಿ ಕೂತಿದ್ದಾರೆ. ಸಿಟ್ಟನ್ನು ಎಲ್ಲಿ ಇಡುವುದೆಂದು ತಿಳಿಯದೆ ಚಹಾ ಕುಡಿಯುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿದೆ. ವಾಯುವಾ ದಂಪತಿ ತಿದ್ದಿದ ನಕ್ಷೆ ಕೊಟ್ಟು ಹೊರಟಿದ್ದಾರೆ. ಅವರ ಮಲಗುವ ಕೋಣೆಯಲ್ಲಿ ಯಾರದೋ ಮೇಕೆ ನಿಂತು ಮಾವಿನ ಎಲೆ ಮೇಯುತ್ತಿದೆ. ಗೆರೆಗಳು ಒಂದೊಂದಾಗಿ ಮಾಯವಾಗುತ್ತಿವೆ. ಅಷ್ಟು ದೂರ ದಿನಾ ಹೋಗಿ ಬರುತ್ತೀರಾ, ಬೇಸರವಿಲ್ಲವೇ ಎಂದು ಕೇಳುತ್ತೇನೆ.

"ಬೇಸರ ಇಲ್ದೆ ಇರುತ್ತಾ? ರಾತ್ರಿಯೆಲ್ಲ ಅಳು ಬರ್ಬಹುದು" ಎನ್ನುತ್ತಾರೆ ಕತುಂಗೆ, ಡಬ್ಬಿಯ ಸುಣ್ಣ ಕೊಡವುತ್ತ. "ಆದ್ರೆ ವಾಪಸ್ ಬರೋ ವ್ಯಾನು ಗುಡ್ಡ ಇಳಿಯೋ ಹೊತ್ತಿಗೆ ಕತ್ತಲಾಗಿರುತ್ತೆ. ಎಡಗಡೆ ಕೆಳಗೆ ನಮ್ಮೂರಿನ ಒಂದೊಂದೇ ದೀಪ ಹತ್ಕೊಳ್ತಾ ಇರುತ್ತೆ. ಯಾವುದು ಯಾರ ಅಡುಗೆಮನೆ, ಯಾವುದು ಯಾರು ಮಲಗೋ ಕೋಣೆ, ನಂಗೆ ಎಲ್ಲಾ ಗೊತ್ತು. ಎಲ್ಲದರೊಳಗೂ ಓಡಾಡಿದ್ದೀನಿ. ವ್ಯಾನಿನವರಿಗೆ ಈಗ್ಲೇ ಹೇಳಿಟ್ಟಿದ್ದೀನಿ, ಬೇರೇನೂ ಬೇಡ, ನಂಗೆ ದಿನಾ ಎಡಗಡೆ ಕಿಟಕಿ ಸೀಟು ಕೊಡ್ರಪ್ಪ ಅಂತ."