ತುಕ್ರಪ್ಪ ತೆರೆಸಿದ ಕಣ್ಣುಗಳು

ಬದುಕಿದ್ದಾಗ ಫೋಟೋ ತೆಗೆಸಲು ಪುರುಸೊತ್ತಾಗದವರು ಸತ್ತ ಮೇಲೆ ತುಕ್ರಪ್ಪನ ಕೈಗೆ ಬರುತ್ತಿದ್ದರು. ಪುಂಜಾಲಕಟ್ಟೆಯ ಸ್ಟುಡಿಯೋದಲ್ಲಿ ಅವನದು ಟಚಿಂಗ್ ಕೆಲಸ. ಸ್ಟುಡಿಯೋ ಧಣಿ ಹೆಣವನ್ನು ಗೋಡೆಗೊರಗಿಸಿ ಫೋಟೋ ತೆಗೆದು ತಂದರೆ, ತುಕ್ರಪ್ಪ ಪ್ರಿಂಟಿನ ಮೇಲೆ ಸಣ್ಣ ಕುಂಚದಿಂದ ಕಣ್ಣು ತೆರೆಸುತ್ತಿದ್ದ. ಜೀವ ಇದ್ದ ಹಾಗೆಯೇ ಉಂಟು ಎಂದು ಮನೆಯವರು ಹೇಳಿದರೆ ಅವನಿಗೆ ಅವತ್ತಿನ ಊಟ ರುಚಿಸುತ್ತಿತ್ತು.

೧೯೯೧ರಲ್ಲಿ ಸೇಸಮ್ಮನ ನಾಲ್ಕು ವರ್ಷದ ಮಗಳು ಕಾಂತಿ ಜ್ವರದಲ್ಲಿ ತೀರಿಕೊಂಡಳು. ಸೇಸಮ್ಮ ಆಗ ಆಪರೇಷನ್ ಆಗಿ ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಮನೆಗೆ ಬಂದಾಗ ಗಂಡ ಒಂದು ಫೋಟೋ ಕೊಟ್ಟು, ಜ್ವರಕ್ಕೆ ಮೊದಲೇ ತೆಗೆಸಿದ್ದು ಅಂದ.

ತುಕ್ರಪ್ಪನೂ ದನಿಗೂಡಿಸಿದ. "ನಗಾಡಿಕೊಂಡೇ ಕೂತಿದ್ದಳು ಸೇಸಕ್ಕ."

ಆ ಒಂದು ಮಾತು ಹಿಡಿದುಕೊಂಡು ಅವಳು ಹದಿನೈದು ವರ್ಷ ದೂಡಿದಳು. ನಿಜ ಗೊತ್ತಿದ್ದವರು ಯಾರೂ ಬಾಯಿ ಬಿಡಲಿಲ್ಲ.

ಡಿಜಿಟಲ್ ಬಂದು ಸ್ಟುಡಿಯೋ ಮುಚ್ಚಿದಾಗ ಹಳೇ ಲಕೋಟೆಗಳು ತುಕ್ರಪ್ಪನ ಪಾಲಿಗೆ ಬಂದವು. ಒಂದೊಂದರಲ್ಲಿ ನೆಗೆಟಿವ್, ಜೊತೆಗೆ ಕಣ್ಣು ತೆರೆಸಿದ ಒಂದು ಪ್ರತಿ. ೨೦೦೬ರಲ್ಲಿ ಮೂಡುಬಿದಿರೆಯ ಕಲಾವಿದೆ ದೀಕ್ಷಿತಾ ಹುಡುಕಿಕೊಂಡು ಬಂದಳು.

"ನಿಮ್ಮ ಕೈಕೆಲಸ ಜನ ನೋಡ್ಬೇಕು ಮಾಮ. ಪ್ರದರ್ಶನ ಮಾಡ್ತೇನೆ."

ಜನ್ಮದಲ್ಲಿ ಯಾರೂ ಅವನನ್ನು ಹಾಗೆ ಮಾತಾಡಿಸಿರಲಿಲ್ಲ. ಉಬ್ಬಿಹೋದ ಮನುಷ್ಯ ಪೆಟ್ಟಿಗೆಯನ್ನೇ ಎತ್ತಿಕೊಟ್ಟ. ಸಾಲದ್ದಕ್ಕೆ ಸೇಸಮ್ಮನನ್ನೂ ಕರೆದ. ಕಾಂತಿಯದು ಅವನು ಮಾಡಿದ್ದರಲ್ಲೇ ಚಂದದ ಚಿತ್ರ. ಕಣ್ಣು ಮುಚ್ಚಿದ ನೆಗೆಟಿವನ್ನು ಯಾರಾದರೂ ಪ್ರಿಂಟ್ ಹಾಕಿಸಿ ಗೋಡೆಗೆ ಏರಿಸಿಯಾರು ಎಂದು ಅವನ ತಲೆಗೆ ಹೊಳೆಯಲೇ ಇಲ್ಲ.

ಪ್ರದರ್ಶನದ ದಿನ ಬೇಗ ಹೋಗಿ ನೋಡಿದರೆ ಹನ್ನೊಂದು ಜೋಡಿ ಮುಖಗಳು. ದೀಕ್ಷಿತಾ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಆಳೆತ್ತರ ಮಾಡಿದ್ದಳು. ಎಡಕ್ಕೆ ಕಣ್ಣು ಮುಚ್ಚಿದ ಹೆಣ, ಬಲಕ್ಕೆ ಅದೇ ಮುಖ ಕಣ್ಣು ತೆರೆದು. ತುಕ್ರಪ್ಪ ಅವಳನ್ನು ಕಾಂತಿಯ ಜೋಡಿಯ ಎದುರಿಗೆ ಕರೆದ.

"ಈ ಮಗುವಿನ ಎಡದ್ದು ಒಂದು ತೆಗಿ ಮಗಾ. ಬಲದ್ದನ್ನು ನೋಡ್ಲಿಕ್ಕೆ ಇದರ ಅಮ್ಮ ಬರ್ತಾರೆ. ಸತ್ತ ಮೇಲೆ ತೆಗೆದದ್ದು ಅಂತ ಅವರಿಗೆ ಗೊತ್ತಿಲ್ಲ."

ದೀಕ್ಷಿತಾಳ ಮುಖ ಬಾಡಿತು. ಎಡದ್ದನ್ನು ಇಳಿಸಿದಳು.

ಸೇಸಮ್ಮ ಒಳ್ಳೆಯ ಸೀರೆ ಉಟ್ಟು ಬಂದಳು. ಮಗಳ ಮುಂದೆ ತುಂಬ ಹೊತ್ತು ನಿಂತಳು. ತುಕ್ರಪ್ಪನಿಗೆ ಉಸಿರು ಬಂತು.

"ಬನ್ನಿ ಸೇಸಕ್ಕ, ಚಾ ಕುಡಿಯುವ."

"ಇವರನ್ನೂ ನೋಡುವ, ನಿಲ್ಲಿ."

ಅವಳು ಸಾಲಿನುದ್ದಕ್ಕೂ ಹೋದಳು. ಮುಚ್ಚಿದ್ದು ನೋಡಿದಳು, ತೆರೆದದ್ದು ನೋಡಿದಳು. ಒಬ್ಬ ಮುದುಕನ ಎದುರು ನಿಂತವಳು ತಿರುಗಿ ಕಾಂತಿಯ ಹತ್ತಿರ ಬಂದಳು, ಮತ್ತೆ ಮುದುಕನ ಹತ್ತಿರ ಹೋದಳು. ಹನ್ನೊಂದು ಮುಖಕ್ಕೂ ಒಂದೇ ಥರದ ಕಣ್ಣು. ತುಕ್ರಪ್ಪನಿಗೆ ಬಿಡಿಸಲು ಬರುತ್ತಿದ್ದದ್ದು ಅದೊಂದೇ. ಬೇರೆ ಬೇರೆ ಮನೆಯ ಗೋಡೆಗಳಲ್ಲಿ ಇದ್ದಷ್ಟು ದಿನ ಅದು ಯಾರಿಗೂ ಗೊತ್ತಾಗಿರಲಿಲ್ಲ, ಅವನಿಗೂ.

"ಇದು ಅವಳ ಕಣ್ಣಲ್ಲ, ಅಲ್ವಾ ತುಕ್ರಪ್ಪಣ್ಣ?"

ಸೇಸಮ್ಮ ಮತ್ತೆ ಕಾಂತಿಯ ಮುಂದೆ ಹೋಗಿ ನಿಂತಳು.

"ಅವಳದ್ದು ಹೇಗಿತ್ತು? ನನಗೆ ನೆನಪಾಗುವುದಿಲ್ಲ. ಇಷ್ಟು ವರ್ಷ ಇದನ್ನೇ ನೋಡಿದ್ದೇನೆ. ನೀವಾದರೂ ಹೇಳಿ."

ತುಕ್ರಪ್ಪ ಆ ಮಗುವನ್ನು ಜೀವ ಇರುವಾಗ ಒಮ್ಮೆಯೂ ನೋಡಿರಲಿಲ್ಲ.