ನಿಮ್ಮಪ್ಪಂಗೆ ಹೇಳೋ

ನಾನೂ ನನ್ನ ಗಂಡನೂ ಒಬ್ಬರಿಗೊಬ್ಬರು ನೇರವಾಗಿ ಮಾತಾಡುವುದನ್ನು ಬಿಟ್ಟು ಆಗ ಎಷ್ಟೋ ತಿಂಗಳಾಗಿತ್ತು. ಹಾಗಂತ ನಮ್ಮ ಬನಶಂಕರಿಯ ಮನೆಯಲ್ಲಿ ಮಾತೇ ಇರಲಿಲ್ಲ ಅಂತಲ್ಲ. ನಾಯಿ ಇತ್ತಲ್ಲ! "ಲೋ, ನಿಮ್ಮಪ್ಪಂಗೆ ಹೇಳೋ, ಉಪ್ಪಿಟ್ಟು ತಣ್ಣಗಾಗ್ತಿದೆ" ಎಂದು ನಾನು ಅಡುಗೆಮನೆಯಿಂದ ಹೇಳಿದರೆ, ಸೋಫಾದ ಕಡೆಯಿಂದ "ನಿಮ್ಮಮ್ಮಂಗೆ ಹೇಳು, ನಂಗೆ ಹಸಿವಿಲ್ಲ" ಎಂಬ ಉತ್ತರ ಬರುತ್ತಿತ್ತು. ನಡುವೆ ನಿಂತ ನಾಯಿ ಒಮ್ಮೆ ನನ್ನ ಮುಖ, ಒಮ್ಮೆ ಅವನ ಮುಖ ನೋಡಿ ಬಾಲ ಆಡಿಸುತ್ತಿತ್ತು. ಬೀದಿಯಲ್ಲಿ ಸಿಕ್ಕ ಮರಿ ಅದು. ಇಷ್ಟು ದೊಡ್ಡ ಉದ್ಯೋಗ ಸಿಗುತ್ತದೆ ಅಂತ ಅದು ಕನಸಿನಲ್ಲೂ ಅಂದುಕೊಂಡಿರಲಿಕ್ಕಿಲ್ಲ.

ನಮ್ಮಜ್ಜಿಯೂ ತಾತನ ಹತ್ತಿರ ನೇರವಾಗಿ ಮಾತಾಡುತ್ತಿರಲಿಲ್ಲ. "ಅವರಿಗೆ ಹೇಳೇ, ಎಲೆ ಹಾಕಿದೆ" ಎಂದು ನನ್ನನ್ನು ಜಗುಲಿಗೆ ಅಟ್ಟುತ್ತಿದ್ದಳು. ಅದು ಅವಳ ಕಾಲದ ಮರ್ಯಾದೆ. ನಮ್ಮದು ಶುದ್ಧ ಹಟ. ನಾದಿನಿಯ ಗೃಹಪ್ರವೇಶದಲ್ಲಿ ಅಷ್ಟೂ ಜನರ ಎದುರಿಗೆ ನನ್ನ ಗಂಡ "ಇವಳಿಗೆ ಕೆಲಸ ಕಮ್ಮಿ, ಮಾತು ಜಾಸ್ತಿ" ಅಂದ. ಎಲ್ಲರೂ ನಕ್ಕರು. ಬೆಳಗಿನ ಜಾವದಿಂದ ಅವರ ಮನೆಯ ಕೋಸಂಬರಿಗೆ ಸೌತೆಕಾಯಿ ಕೊಚ್ಚಿದ್ದವಳು ನಾನು! ವಾಪಸ್ ಬರುವಾಗ ಕಾರಿನಲ್ಲಿ, "ಮಾತು ಜಾಸ್ತಿ ಅಂದ್ಯಲ್ಲ, ಇನ್ಮೇಲೆ ಇರಲ್ಲ ಬಿಡು" ಅಂದೆ. ಅದೇ ಕೊನೆ. ಅವನು ಕ್ಷಮೆ ಕೇಳಲಿ ಅಂತ ನಾನು, ಇವಳ ಸಿಟ್ಟು ತಾನಾಗಿ ಇಳಿಯಲಿ ಅಂತ ಅವನು. ಕಾದೂ ಕಾದೂ, ಯಾರು ಯಾತಕ್ಕೆ ಕಾಯುತ್ತಿದ್ದೇವೆ ಅನ್ನುವುದೇ ಮಸುಕಾಯಿತು.

ಇಲ್ಲೇ ಹತ್ತಿರದ ಶ್ರೀನಗರದಲ್ಲಿದ್ದ ನಮ್ಮಮ್ಮನಿಗೆ ಮಾತ್ರ ಇದು ಗೊತ್ತಿತ್ತು. "ಮೂರು ದಿನ ಎಲ್ಲಾದ್ರೂ ಹೋಗ್ಬನ್ನಿ ಕಣೆ. ಆಫೀಸಿಲ್ಲ, ಟಿವಿ ಇಲ್ಲ. ಮುಖ ಮುಖ ನೋಡ್ಕೊಂಡು ಕೂತ್ರೆ ಮಾತು ಬಂದೇ ಬರತ್ತೆ" ಅಂದಳು. ನಾನೂ ಒಳಗೊಳಗೇ ಒಂದು ತೀರ್ಮಾನಕ್ಕೆ ಬಂದಿದ್ದೆ. ಬಿಳೇಕಹಳ್ಳಿಯಲ್ಲಿ ನನ್ನ ಗೆಳತಿಯ ಮನೆಯ ಮಹಡಿ ಖಾಲಿಯಾಗಿತ್ತು. ಬೇಕಾದರೆ ಮಗಳನ್ನು ಕರೆದುಕೊಂಡು ಬಾ, ನಾಯಿ ಮಾತ್ರ ಬೇಡ, ನಮ್ಮತ್ತೆಗೆ ಆಗಲ್ಲ ಅಂದಿದ್ದಳು. ಈ ಮೂರು ದಿನದಲ್ಲಿ ಅವನು ನನ್ನ ಮುಖ ನೋಡಿ ಒಂದೇ ಒಂದು ಮಾತಾಡಿದರೂ ಸಾಕು, ಆ ಮನೆಯ ವಿಚಾರವನ್ನೇ ಎತ್ತುವುದಿಲ್ಲ ಅಂದುಕೊಂಡೆ. ಇಲ್ಲದಿದ್ದರೆ ಹೊರಟುಬಿಡುವುದು.

ಕನಕಪುರ ದಾಟಿದ ಮೇಲೆ ಒಂದು ಮಾವಿನ ತೋಪಿನಲ್ಲಿ ನಾಲ್ಕು ಕೋಣೆ ಕಟ್ಟಿ ಬಾಡಿಗೆಗೆ ಕೊಡುತ್ತಿದ್ದರು. ನಾಯಿಯನ್ನು ತರಬಹುದೇ ಎಂದು ಫೋನಿನಲ್ಲಿ ಕೇಳಿದ್ದಕ್ಕೆ ತೋಪಿನ ಯಜಮಾನರು, "ಕರ್ಕಂಡ್ ಬನ್ನಿ ಮೇಡಂ, ನಮ್ದೇ ನಾಕವೆ" ಅಂದರು. ಐದು ವರ್ಷದ ಮಗಳು ಹಿಂದಿನ ದಿನವೇ ಈಜುಡುಗೆ ಹಾಕಿಕೊಂಡು ಮನೆಯೆಲ್ಲ ಓಡಾಡಿದಳು. ಅಲ್ಲಿ ಈಜುಕೊಳ ಇದೆಯೆಂದು ಅವಳಿಗೆ ಹೇಳಿದ್ದೆವು.

ದಾರಿಯಲ್ಲಿ ತಿಂಡಿಗೆ ನಿಲ್ಲಿಸಿದಾಗ ನನ್ನ ಗಂಡ ಮೇಜಿನ ಕೆಳಗೆ ಬಗ್ಗಿ, "ನಿಮ್ಮಮ್ಮಂಗೆ ಕೇಳೋ, ತಟ್ಟೆ ಇಡ್ಲಿನಾ, ದೋಸೆನಾ" ಅಂದ. ಬಡಿಸುವವನು ಪಿಳಿಪಿಳಿ ನೋಡಿ "ಯಾರಿಗೆ ಸಾರ್ ಕೇಳ್ತಿರೋದು?" ಎಂದ. ಮಗಳು ನಕ್ಕಳು. ನಾಯಿಯ ಕುತ್ತಿಗೆ ತಬ್ಬಿಕೊಂಡು, "ಇವನ ಹತ್ರ ಹೇಳಿದ್ರೆ ಅಮ್ಮಂಗೆ ಹೋಗತ್ತೆ ಅಂಕಲ್" ಎಂದು ವಿವರಿಸಿದಳು. ನನಗೂ ನಗು ಬಂತು. ದೋಸೆ ಅಂತ ನಾಯಿಗೆ ಹೇಳಿದೆ.

ಅವತ್ತು ಸಂಜೆ ಕೋಣೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದೆವು. ಮಗಳು ಒಳಗೆ ನಿದ್ದೆ ಹೋಗಿದ್ದಳು. ತೋಪಿನೊಳಗಿಂದ ಗಾಳಿ ಬೀಸುತ್ತಿತ್ತು. ಅವನು ಎಲ್ಲೋ ನೋಡುತ್ತ, "ಗಾಳಿ ಚೆನ್ನಾಗಿದೆ" ಅಂದ. ಲೋ ಅಂದಿರಲಿಲ್ಲ, ನಿಮ್ಮಮ್ಮ ಅಂದಿರಲಿಲ್ಲ. ಇದು ನನಗೇ ಹೇಳಿದ್ದಾ? ಹ್ಞೂ ಅನ್ನಲಾ? ಆ ಒಂದು ಹ್ಞೂ ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆಗೂ ಬಂದಿತ್ತು. ಅಷ್ಟರಲ್ಲಿ ಅವನು ಬಗ್ಗಿ ನಾಯಿಯ ಕಿವಿ ತುರಿಸಿ, "ಅಲ್ವೇನೋ?" ಅಂದ. ನಾನು ಎದ್ದು ಒಳಗೆ ಹೋಗಿ, ಒಗೆಯಬೇಕಾದ ಬಟ್ಟೆಯನ್ನೆಲ್ಲ ಮಡಚಿಟ್ಟೆ.

ಮರುದಿನ ಮಗಳು ಈಜುಕೊಳದ ಹತ್ತಿರ ಸುಳಿಯಲಿಲ್ಲ. ಮಾವಿನ ಮರದ ಕೆಳಗೆ ನಾಯಿಗೆ ಒರಗಿ ಕೂತು, ಅದರ ಕಿವಿಗೆ ಬಾಯಿಟ್ಟು ಏನೋ ಪಿಸುಗುಟ್ಟುತ್ತಿದ್ದಳು. ಅದು ತಲೆ ಕೊಡವಿದರೆ ಮತ್ತೆ ಹಿಡಿದು ಪಿಸುಗುಟ್ಟುತ್ತಿದ್ದಳು. ಎಷ್ಟು ಮುದ್ದಾಗಿದೆ ಅಂತ ನಾನು ದೂರದಿಂದ ಫೋಟೋ ತೆಗೆದು ಸ್ಟೇಟಸ್ ಹಾಕಿದೆ. ಅಮ್ಮನಿಂದ ಹೃದಯದ ಗುರುತು ಬಂತು. ನೆಂಟರಿಂದ "ಹ್ಯಾಪಿ ಫ್ಯಾಮಿಲಿ" ಅಂತ ಬಂತು.

ಊಟಕ್ಕೆ ಎಬ್ಬಿಸಲು ಹೋಗಿ ಮುಟ್ಟಿದರೆ ಮೈ ಕೆಂಡ. "ಅಯ್ಯೋ, ಜ್ವರ!" ಅಂತ ಕೂಗಿದೆ. ಅವನು ಓಡಿಬಂದು ಅವಳನ್ನು ಕೇಳತೊಡಗಿದ.

"ಏನಾಗ್ತಿದೆ ಪುಟ್ಟಿ?"

"ಕಿವಿ ನೋವು."

"ಯಾವಾಗಿಂದ?"

"ಬೆಳಿಗ್ಗೆ ಎದ್ದಾಗಿಂದ. ತುಂಬಾ ನೋಯ್ತಿದೆ."

"ಮತ್ತೆ ಹೇಳ್ಬಾರ್ದೇನಮ್ಮ?"

"ಹೇಳ್ದೆ."

"ಯಾರಿಗೆ ಹೇಳ್ದೆ?"

ಅವಳು ನಾಯಿಯ ಕಡೆ ಬೆರಳು ತೋರಿಸಿದಳು. ಆಮೇಲೆ ನಮ್ಮಿಬ್ಬರ ಮುಖವನ್ನೂ ನೋಡಿ, "ಇವನು ನಿಮ್ಗೆ ಹೇಳ್ಲೇ ಇಲ್ವಾ?" ಅಂದಳು. ಸಿಟ್ಟಿನಿಂದ ಕೇಳಿದ್ದಲ್ಲ. ಅವಳಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ನನಗೆ ಅಲ್ಲೇ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಗಂಟುಮೂಟೆ ಕಟ್ಟಿ ಹೊರಟೆವು. ಮಗಳು ಹಿಂದಿನ ಸೀಟಿನಲ್ಲಿ ನಾಯಿಯ ಮೇಲೆ ತಲೆಯಿಟ್ಟು ಮಲಗಿದ್ದಳು. ಈಗಲಾದರೂ ಮಾತಾಡುತ್ತಾನೆ, ಈಗಲೂ ಆಡದಿದ್ದರೆ ಇನ್ಯಾವಾಗ ಅಂದುಕೊಂಡೆ. ನಾನಾದರೂ ಬಾಯಿ ಬಿಡಬಹುದಿತ್ತು. ಅವನ ಹೆಸರು ಹಿಡಿದು ಕರೆದರೆ ಮುಗಿಯಿತು, ಮಹಾ ಏನು? ಗಂಟಲಿನವರೆಗೂ ಬರುತ್ತಿತ್ತು, ಅಲ್ಲಿಂದ ಮೇಲೆ ಬರುತ್ತಿರಲಿಲ್ಲ. ಕೋಣನಕುಂಟೆ ಕ್ರಾಸಿನ ಟ್ರಾಫಿಕ್ಕಿನಲ್ಲಿ ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ. ಕನ್ನಡಿಯಲ್ಲಿ ಹಿಂದೆ ನೋಡುತ್ತ, "ಲೋ, ನಿಮ್ಮಮ್ಮಂಗೆ ಕೇಳು, ಸೀದಾ ಡಾಕ್ಟರ ಹತ್ರಾನೇ ಹೋಗೋಣ್ವಾ ಅಂತ" ಅಂದ.

ಮಗಳು ಕಣ್ಣು ಮುಚ್ಚಿಕೊಂಡೇ ನಾಯಿಯ ಮೂತಿಯನ್ನು ಕೈಯಲ್ಲಿ ಮುಚ್ಚಿದಳು.

"ಅವನಿಗೆ ಸುಸ್ತಾಗಿದೆ" ಅಂದಳು.

ಜಯನಗರದ ಕ್ಲಿನಿಕ್ಕಿಗೆ ನಾಯಿಯನ್ನು ಬಿಡುವುದಿಲ್ಲ. ಅವನು ನಾಯಿಯ ಜೊತೆ ಕಾರಿನಲ್ಲೇ ಉಳಿದ. ಮಗಳನ್ನು ಎತ್ತಿಕೊಂಡು ನಾನೊಬ್ಬಳೇ ಒಳಗೆ ಹೋದೆ. "ಯಾವ ಕಿವಿ ಕಂದ? ಎಲ್ಲಿ, ಡಾಕ್ಟರಂಕಲ್‌ಗೆ ಹೇಳು" ಅಂತ ಡಾಕ್ಟರು ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲ. ಕತ್ತು ತಿರುಗಿಸಿ ಬಾಗಿಲ ಕಡೆಯೇ ನೋಡುತ್ತಿದ್ದಳು. ಡಾಕ್ಟರು ನನ್ನನ್ನು ಕೇಳಿದರು. ಯಾವ ಕಿವಿಯೆಂದು ನನಗೂ ಗೊತ್ತಿರಲಿಲ್ಲ. ಕೊನೆಗೆ ಅವರು ಎರಡಕ್ಕೂ ದೀಪ ಹಾಕಿ ನೋಡಿ, ಎಡಗಿವಿ ಕೆಂಪಾಗಿದೆ ಎಂದು ಔಷಧಿ ಬರೆದುಕೊಟ್ಟರು.

ಮೆಟ್ಟಿಲಿಳಿಯುತ್ತಲೇ ಗೆಳತಿಗೆ ಮೆಸೇಜ್ ಹಾಕಿದೆ. ಮನೆ ಬೇಕು, ನಾನೂ ಮಗಳೂ ಇಬ್ಬರೇ ಅಂತ. ಇದೊಂದನ್ನಾದರೂ ಅವನಿಗೆ ನೇರವಾಗಿ, ಮುಖ ಕೊಟ್ಟು ಹೇಳಬೇಕು ಅಂತ ಪಣ ತೊಟ್ಟೆ. ಹದಿನೈದು ವರ್ಷದ ಸ್ನೇಹ, ಅದರಲ್ಲಿ ಎಂಟು ವರ್ಷದ ಸಂಸಾರ. ಅಷ್ಟು ಋಣ ಇದೆ ಅಂದುಕೊಂಡೆ.

ಮಗಳ ಜೊತೆ ಹಿಂದಿನ ಸೀಟಿನಲ್ಲೇ ಕೂತೆ. ಅವನು ಕಾರು ಶುರುಮಾಡದೆ ಸ್ಟೀರಿಂಗಿನ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಅವನ ತಲೆಯ ಹಿಂಭಾಗ ನೋಡಿದೆ. ಸುಳಿಯ ಸುತ್ತ ಕೂದಲು ಬೆಳ್ಳಗಾಗಿತ್ತು. ಯಾವಾಗ ಬೆಳ್ಳಗಾಯಿತೋ, ನಾನು ಗಮನಿಸಿರಲಿಲ್ಲ. ಬಾಯಿ ತೆರೆದೆ. ಕೈ ತಾನಾಗಿ ನಾಯಿಯ ತಲೆಯ ಮೇಲೆ ಹೋಯಿತು.

"ಲೋ, ನಿಮ್ಮಪ್ಪಂಗೆ ಹೇಳೋ. ನಾನೂ ಪುಟ್ಟಿನೂ ಬಿಳೇಕಹಳ್ಳಿಗೆ ಹೋಗ್ತೀವಿ. ನೀನು ಅವನ ಜೊತೆನೇ ಇರ್ಬೇಕು."

ಅವನು ತಿರುಗಲಿಲ್ಲ. ಮಗಳು ನನ್ನನ್ನೂ ಕೇಳಲಿಲ್ಲ, ಅಪ್ಪನನ್ನೂ ಕೇಳಲಿಲ್ಲ. ನಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಹೌದೇನೋ?" ಎಂದಳು.

ಅದು ಒಮ್ಮೆ ನನ್ನ ಕಡೆ, ಒಮ್ಮೆ ಅವನ ಕಡೆ ನೋಡಿ ಬಾಲ ಆಡಿಸಿತು.