ಅತ್ತೆಯ ಮೂಗು ಮತ್ತು ಮೂರು ಪೊಟ್ಟಣ

ನಮ್ಮ ಮನೆಯಲ್ಲಿ ಕೊನೆಯ ಮಾತು ಅತ್ತೆಯ ಮೂಗಿನದು. ಶೇಂಗಾ ಹುರಿಯುವಾಗ ಅವರು ಬಾಣಲೆಯ ಕಡೆ ನೋಡುತ್ತಲೇ ಇರಲಿಲ್ಲ. ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತ "ಸಾಕು, ಇಳಸು" ಎನ್ನುವರು. ಆದೋನಿಯ ನಮ್ಮ ಓಣಿಯ ಶೇಂಗಾ ಚಟ್ನಿಪುಡಿ ನಂದವರಂ, ದೇವನಕೊಂಡದ ಅಂಗಡಿಗಳವರೆಗೆ ಹೋದದ್ದು ಆ ಮೂಗಿನ ಪುಣ್ಯದಿಂದ. ಕುಟ್ಟುವುದು, ಪೊಟ್ಟಣ ಕಟ್ಟುವುದು, ಬೈಸಿಕೊಳ್ಳುವುದು ನನ್ನ ಪಾಲು.

ಚಳಿಗಾಲ ಮುಗಿಯುವ ಹೊತ್ತಿಗೆ ದೇವನಕೊಂಡದ ಅಂಗಡಿಯವನು ಮಾಲು ವಾಪಸು ಕಳಿಸಿದ. ಪುಡಿ ಕಮಟು ಹೊಡೆಯುತ್ತಿದೆಯಂತೆ. ಪೊಟ್ಟಣಗಳನ್ನು ಮಾಲೆ ಮಾಡಿ ಅಂಗಡಿ ಮುಂದೆ ಬಿಸಿಲಿಗೆ ತೂಗಿಬಿಡುವವನೂ ಅವನೇ. ಶೇಂಗಾದ ಎಣ್ಣೆ ಕೆಡದೆ ಏನು ಮಾಡೀತು? ಇನ್ನೊಮ್ಮೆ ಹೀಗಾದರೆ ನಿಮ್ಮ ಪುಡಿಯೇ ಬೇಡ ಎಂದ. ಕವರು ಬದಲಿಸದೆ ಗತಿಯಿರಲಿಲ್ಲ.

ಪ್ಯಾಕಿಂಗ್ ಸಾಮಾನಿನ ಅಂಗಡಿಯವನು ಮೂರು ಬಗೆ ಮುಂದಿಟ್ಟ. ಒಂದು, ನಾವು ಬಳಸುತ್ತಿದ್ದ ಮೆತ್ತನೆಯ ಪಾಲಿಥೀನ್. ಇನ್ನೊಂದು ಗಾಜಿನ ಹಾಗೆ ಹೊಳೆಯುವ, ಮುಟ್ಟಿದರೆ ಚರಚರ ಎನ್ನುವ ಕವರು. ಮೂರನೆಯದು ಬೆಳ್ಳಿ ಬಣ್ಣದ್ದು: ಹೊರಗೆ ಅಚ್ಚು ಹಾಕಲು ಪಾಲಿಯೆಸ್ಟರ್, ನಡುವೆ ತೆಳ್ಳನೆಯ ಅಲ್ಯುಮಿನಿಯಂ, ಒಳಗೆ ಬಿಸಿಗೆ ಅಂಟಿಕೊಳ್ಳುವ ಪಾಲಿಥೀನ್.

"ಅಕ್ಕಾ, ಇದರಾಗ ಬೆಳಕು ಹೋಗಂಗಿಲ್ಲ, ಗಾಳಿ ಹೋಗಂಗಿಲ್ಲ. ಒಳಗಿನ ವಾಸನಿ ಒಳಗೇ ಇರ್ತೈತಿ," ಎಂದ.

ಬೆಲೆ ಕೇಳಿ "ಮೂಗಿಗಿಂತ ಮೂಗುತಿ ಭಾರ ಆತಲ್ಲಪ್ಪಾ," ಎಂದೆ. ಆದರೂ ಮೂರನ್ನೂ ತಂದು, ಒಂದೇ ದಿನ ಕುಟ್ಟಿದ ಪುಡಿ ತುಂಬಿ, ಸೀಲ್ ಮಾಡಿ, ಅಂಗಳದ ತಂತಿಗೆ ತೂಗಿಬಿಟ್ಟೆ. ಕವರು ಯಾವುದೆಂದು ನಮ್ಮೂರ ಬಿಸಿಲೇ ಹೇಳಲಿ, ಆಮೇಲೆ ಅತ್ತೆ ಮೂಸಿ ಹೇಳಲಿ ಎಂದುಕೊಂಡೆ.

ಅಷ್ಟರಲ್ಲಿ ಅತ್ತೆಗೆ ಜ್ವರ, ನೆಗಡಿ ಬಂದು ಹೋಯಿತು. ಜ್ವರ ಬಿಟ್ಟ ಮೇಲೂ ಊಟ ಸೇರಲಿಲ್ಲ. ಒಂದು ದಿನ ಅವರ ಎದುರಿಗೇ ಶೇಂಗಾ ಸೀದು ಕರಕಲಾದವು. "ಬೆಂಕಿ ಜಾಸ್ತಿ ಇಟ್ಟಿ ನೀನು," ಎಂದು ನನ್ನನ್ನೇ ಗದರಿದರು. ನಾನೂ ಹೌದಿರಬೇಕು ಎಂದುಕೊಂಡೆ.

ನೆತ್ತಿ ಸುಡುವ ಬಿಸಿಲು ಶುರುವಾದ ಮೇಲೆ ಪೊಟ್ಟಣಗಳನ್ನು ಇಳಿಸಿದೆ. ಮೆತ್ತನೆಯದನ್ನು ಕತ್ತರಿಸುತ್ತಲೇ ಹಳೆ ಎಣ್ಣೆಯ ಕಮಟು ಮುಖಕ್ಕೆ ಬಡಿಯಿತು. ಹಾಗೇ ಅತ್ತೆಯ ಕೈಗೆ ಕೊಟ್ಟೆ. ಅವರು ಕಣ್ಣು ಮುಚ್ಚಿ ಮೂಸಿದರು.

"ಭೇಷ್ ಐತಿ."

ಚರಚರ ಎನ್ನುವುದರ ಪುಡಿಯೂ ಕೆಡತೊಡಗಿತ್ತು. ಅದೂ ಭೇಷ್. ಬೆಳ್ಳಿಯದು ಇವತ್ತು ಕುಟ್ಟಿದಂತೆ ಘಮ್ಮೆನ್ನುತ್ತಿತ್ತು. ಅದಕ್ಕೂ ಅದೇ ಮಾತು, ಅದೇ ದನಿ.

"ಅತ್ತೀ, ಮೊದಲ್ನೇದು ಕಮಟು ಹೊಡಿಯಾಕತ್ತೈತ್ರಿ."

"ನಿನ್ನ ಮೂಗಿಗೇ ಏನೋ ಆಗೈತಿ," ಎಂದು ಎದ್ದು ಹೋದರು. ಹೋಗುವಾಗ ನನ್ನ ಮುಖ ನೋಡಲಿಲ್ಲ.

ನನಗೆ ಹೆದರಿಕೆಯಾಯಿತು. ದಿನವಿಡೀ ಒಲೆಯ ಮುಂದಿರುವ ಹೆಂಗಸು. ಅನ್ನ ಸೀದರೂ ತಿಳಿಯದು, ಹಾಲು ಒಡೆದರೂ ತಿಳಿಯದು. ಮಾತಿಗೆ ಮಾತು ಕೊಡುವುದರಲ್ಲಿ ನಾನೇನೂ ಹಿಂದೆ ಬಿದ್ದವಳಲ್ಲ, ಆದರೆ ಇದನ್ನು ಅವರ ಮುಂದೆ ಆಡಲು ನಾಲಗೆ ಏಳಲಿಲ್ಲ. ಏನಾದರೊಂದು ನೆಪ ತೆಗೆದು ಅಡುಗೆಮನೆಯಲ್ಲೇ ಸುಳಿದಾಡತೊಡಗಿದೆ. ನಾನು ಕಾಯುತ್ತಿರುವುದು ಅವರಿಗೂ ಗೊತ್ತಾಗಿತ್ತು, ಪಾತ್ರೆಗಳನ್ನು ಸದ್ದಾಗುವಂತೆ ಇಡುತ್ತಿದ್ದರು.

ಬೆಳ್ಳಿ ಕವರಿಗೆ ಹೇಳಿಬರಲು ಒಂದು ಮಧ್ಯಾಹ್ನ ಬಜಾರಿಗೆ ಹೋಗಲೇಬೇಕಾಯಿತು. ವಾಪಸು ಬಂದಾಗ ಬಿಸಿಗಾಳಿ ಬಾರದಿರಲೆಂದು ಕಿಟಕಿಗಳೆಲ್ಲ ಮುಚ್ಚಿದ್ದವು. ಹೊಸ್ತಿಲಲ್ಲೇ ಗ್ಯಾಸಿನ ವಾಸನೆ ಗಂಟಲು ಹಿಡಿಯಿತು. ಓಡಿದೆ. ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಶೇಂಗಾ. ಒಲೆಯ ತಿರುಗಣೆ ಪೂರ್ತಿ ತೆರೆದಿತ್ತು. ಅತ್ತೆ ಲೈಟರನ್ನು ಸೆರಗಿನಿಂದ ಒರೆಸುತ್ತ ನಿಂತಿದ್ದರು.

"ಆಗಿಂದ ಒತ್ತಾಕತ್ತೀನಿ, ಹತ್ತವಲ್ದು," ಎಂದು ಲೈಟರನ್ನು ನನ್ನತ್ತ ಚಾಚಿದರು. "ನೀನರ ಹಚ್ಚು."

ಲೈಟರ್ ಕಸಿದುಕೊಂಡು ತಿರುಗಣೆ ಮುಚ್ಚಿದೆ, ಸಿಲಿಂಡರ್ ಬಂದ್ ಮಾಡಿದೆ, ಕಿಟಕಿ ತೆರೆದೆ. ಅತ್ತೆಯ ತೋಳು ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಇಷ್ಟು ವರ್ಷ ನಾವೆಲ್ಲ ಅವರನ್ನು ಕೇಳುತ್ತಿದ್ದ ಮಾತನ್ನು ಅವರು ಅವತ್ತು ಮೆಲ್ಲಗೆ ನನ್ನನ್ನು ಕೇಳಿದರು.

"ವಾಸನಿ ಬರಾಕತ್ತೈತೇನು?"